ಹಳೆ ಎರಿಯಿಂದ ಮೇಣ, ಆ ಮೇಣದಿಂದ ಬೀರುವಿಗೆ ಪಾಲಿಶ್

ಜೇನು ಪೆಟ್ಟಿಗೆ ಇಟ್ಟವರ ಮನೆಯಲ್ಲಿ ಹಳೆ ಎರಿಯಷ್ಟು, ಅಂದರೆ ಜೇನು ಕಟ್ಟಿದ ಮೇಣದ ಗೂಡಿನಷ್ಟು, ದಂಡವಾಗುವ ವಸ್ತು ಮತ್ತೊಂದಿಲ್ಲ. ಜೇನುತುಪ್ಪ ತೆಗೆದು ಬಾಟಲಿಗೆ ತುಂಬುವವರೆಗೆ ಎಲ್ಲರಿಗೂ ಉತ್ಸಾಹ. ಆಮೇಲೆ ಉಳಿದ ಕಪ್ಪು ಎರಿ, ಮುರಿದ ತುಂಡು, ಚೌಕಟ್ಟಿನಿಂದ ಕೆರೆದ ಚೂರು ಎಲ್ಲವೂ ಗೊಬ್ಬರಗುಂಡಿ ಸೇರುತ್ತವೆ. ಅದೇ ಮನೆಯವರು ಮಳೆಗಾಲಕ್ಕೆ ಮುಂಚೆ ಪೇಟೆಗೆ ಹೋಗಿ ಮರದ ಸಾಮಾನಿಗೆ ಹಚ್ಚಲು ಡಬ್ಬಿ ಪಾಲಿಶ್ ಕೊಂಡು ತರುತ್ತಾರೆ. ಈ ಬೇಸಿಗೆಯಲ್ಲಿ ಮಾಡಿದ ಕೆಲಸವನ್ನು ಇಲ್ಲಿ ವಿವರವಾಗಿ ಬರೆದಿಡುತ್ತಿರುವುದು, ಓದಿದವರಲ್ಲಿ ನಾಲ್ಕು ಜನರಾದರೂ ಎರಿ ಎಸೆಯುವುದನ್ನು ನಿಲ್ಲಿಸಲಿ ಎಂಬ ಆಸೆಯಿಂದ. ಎರಿ ಕರಗಿಸಿ ಮೇಣ ತೆಗೆದೆ, ಆ ಮೇಣದಿಂದ ಪಾಲಿಶ್ ಮಾಡಿದೆ, ಅದನ್ನು ಮನೆಯ ಹಳೆಯ ಹಲಸಿನ ಮರದ ಬೀರುವಿಗೆ ಹಚ್ಚಿದೆ.

ನಮ್ಮದು ಶಿರಸಿ ಸೀಮೆ. ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನು. 1991-92ರಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ ಮೇಲೆ ನಮ್ಮಲ್ಲೂ ಪೆಟ್ಟಿಗೆಗಳು ಬಹಳ ಕಾಲ ಅಟ್ಟದ ಮೇಲೆ ಖಾಲಿ ಕೂತಿದ್ದವು. ಈಗ ಮತ್ತೆ ಕುಟುಂಬಗಳಿವೆ, ವರ್ಷಕ್ಕಿಷ್ಟು ಹಳೆ ಎರಿಯೂ ಸಿಗುತ್ತದೆ. ಜೇನು ಈ ಮೇಣ ಮಾಡುವ ಬಗೆ ಗೊತ್ತಿದ್ದರೆ ಎಸೆಯಲು ಕೈ ಬರುವುದಿಲ್ಲ. ಕೆಲಸಗಾರ ನೊಣದ ಹೊಟ್ಟೆಯ ಅಡಿಗೆ ನಾಲ್ಕು ಜೊತೆ ಗ್ರಂಥಿಗಳಿವೆ. ಅವುಗಳಿಂದ ಮೇಣ ಸಣ್ಣ ಹಳಕುಗಳಾಗಿ ಹೊರಬರುತ್ತದೆ. ನೊಣ ಅದನ್ನು ಕಾಲಿನಿಂದ ಎತ್ತಿ, ಬಾಯಲ್ಲಿ ಜಗಿದು ಮೆದು ಮಾಡಿ ಕೋಣೆ ಕಟ್ಟುತ್ತದೆ. ಒಂದು ಕೆಜಿ ಮೇಣ ಸುರಿಸಲು ಕುಟುಂಬ ಹಲವು ಕೆಜಿ ತುಪ್ಪ ತಿನ್ನಬೇಕು. ಅಂದರೆ ಗೊಬ್ಬರಗುಂಡಿಗೆ ಹೋಗುವುದು ಬೇರೆ ರೂಪದ ತುಪ್ಪವೇ.

ಎರಿ ಆರಿಸಿದ್ದು

ತೆಗೆದ ಎರಿಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಮೇಣದ ಪತಂಗ ಮೊಟ್ಟೆಯಿಟ್ಟರೆ ಕೆಲವೇ ವಾರದಲ್ಲಿ ಎರಿಯೆಲ್ಲ ಬಲೆ, ಹಿಕ್ಕೆ, ಪುಡಿ. ಇಲ್ಲೊಂದು ಸ್ವಾರಸ್ಯವಿದೆ. ಆ ಹುಳುವಿಗೆ ಬರೀ ಮೇಣ ತಿಂದು ಬೆಳೆಯಲು ಆಗುವುದಿಲ್ಲ. ಮರಿ ಬೆಳೆದ ಕೋಣೆಗಳಲ್ಲಿ ಉಳಿದ ಪೊರೆ, ಪರಾಗ ಅದಕ್ಕೆ ಬೇಕು. ಹಾಗಾಗಿ ಅದು ಮೊದಲು ಹಾಳು ಮಾಡುವುದು ಸಂಸಾರ ಕೋಣೆಯ, ಅಂದರೆ ಪೆಟ್ಟಿಗೆಯಲ್ಲಿ ಮರಿ ಬೆಳೆಯುವ ಕೆಳಗಿನ ಅಂತಸ್ತಿನ, ಕಪ್ಪು ಎರಿಯನ್ನು. ಕರಗಿಸಿ ಶುದ್ಧ ಮಾಡಿದ ಮೇಣದ ಗಟ್ಟಿಯನ್ನು ವರ್ಷಗಟ್ಟಲೆ ಇಟ್ಟರೂ ಅದರ ತಂಟೆಗೆ ಹುಳು ಬರುವುದಿಲ್ಲ. ಇಡುವುದಿದ್ದರೆ ಮೇಣ ಮಾಡಿಯೇ ಇಡಬೇಕು.

ನಾನು ಎರಿಯನ್ನು ಎರಡು ಪಾಲು ಮಾಡಿಕೊಂಡೆ. ಪೆಟ್ಟಿಗೆಯ ಮೇಲಿನ, ತುಪ್ಪ ತುಂಬುವ ಅಟ್ಟದ ಕೋಣೆಯಿಂದ ಬಂದ, ಮರಿ ಬೆಳೆಯದ ಬಿಳಿ-ಹಳದಿ ಎರಿ ಒಂದು ಕಡೆ. ಸಂಸಾರ ಕೋಣೆಯ ಕಂದು-ಕಪ್ಪು ಎರಿ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಕರಗಿಸಿದರೆ ಬಿಳಿ ಎರಿಯ ಚಂದದ ಮೇಣವೂ ಕಂದಾಗುತ್ತದೆ. ಬೀರುವಿನ ಪಾಲಿಶ್‌ಗೆ ಕಂದು ಮೇಣ ಏನೂ ಅಡ್ಡಿಯಿಲ್ಲ, ಹಲಸಿನ ಮರಕ್ಕೆ ಅದೇ ಒಪ್ಪುತ್ತದೆ. ಬಿಳಿಯದನ್ನು ಕಾಲಿನ ಬಿರುಕಿಗೆ ಹಚ್ಚುವ ಮುಲಾಮಿಗೂ ಅಡುಗೆಮನೆಯ ಮರದ ಸಾಮಾನಿಗೂ ಬೇರೆ ಇಟ್ಟುಕೊಂಡೆ.

ಬಿಳಿ ಎರಿಗೆ ಒಲೆಯೂ ಬೇಡ. ಥರ್ಮೋಕೋಲ್ ಪೆಟ್ಟಿಗೆಯ ಒಳಗೆ ಕಪ್ಪು ಬಳಿದ ತಗಡಿಟ್ಟು, ಅದರ ತಗ್ಗಿನ ತುದಿಗೊಂದು ಬಟ್ಟಲಿಟ್ಟು, ಮೇಲೆ ಗಾಜು ಮುಚ್ಚಿ ಏಪ್ರಿಲ್ ಬಿಸಿಲಿಗೆ ಇಟ್ಟರೆ ಮಧ್ಯಾಹ್ನದೊಳಗೆ ಮೇಣ ತಾನೇ ಇಳಿದು ಬಟ್ಟಲಲ್ಲಿ ಕೂರುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮುಚ್ಚಿದ ಗಾಜಿನ ಕೆಳಗೆ ಬೇಸಿಗೆ ಬಿಸಿಲಿಗೆ ಅದು ಸುಲಭ. ಕಪ್ಪು ಎರಿಗೆ ಮಾತ್ರ ಈ ಉಪಾಯ ಸಾಲದು. ಒಂದೊಂದು ಮರಿ ಹುಟ್ಟಿ ಹೋದಾಗಲೂ ಕೋಣೆಯ ಗೋಡೆಗೆ ಒಂದೊಂದು ರೇಷ್ಮೆ ಪೊರೆ ಅಂಟಿಕೊಂಡಿರುತ್ತದೆ. ಕರಗಿದ ಮೇಣವನ್ನೆಲ್ಲ ಆ ಪೊರೆಗಳೇ ಹೀರಿಕೊಂಡು ಬಿಡುತ್ತವೆ, ಬಟ್ಟಲಿಗೆ ನಾಲ್ಕು ಹನಿ ಬಂದರೆ ಪುಣ್ಯ. ಕಪ್ಪು ಎರಿಗೆ ನೀರು, ಬೆಂಕಿ, ಒತ್ತಡ ಮೂರೂ ಬೇಕು.

ಬಟ್ಟೆ ಚೀಲ, ಕಲ್ಲು, ನೀರು

ಮೊದಲು ಕಪ್ಪು ಎರಿಯನ್ನು ಕೈಯಲ್ಲಿ ಪುಡಿ ಮಾಡಿ ಒಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಿದೆ. ಇದನ್ನು ಬಿಡಬಾರದು. ಉಳಿದ ತುಪ್ಪ, ಪರಾಗ ತೊಳೆದು ಹೋಗುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ, ಆ ರೇಷ್ಮೆ ಪೊರೆಗಳು ಮೊದಲೇ ನೀರು ಕುಡಿದು ತುಂಬಿಕೊಂಡರೆ ಆಮೇಲೆ ಮೇಣ ಕುಡಿಯಲು ಅವುಗಳಲ್ಲಿ ಜಾಗ ಇರುವುದಿಲ್ಲ. ಬೆಳಿಗ್ಗೆ ನೀರು ಕಪ್ಪಾಗಿತ್ತು. ಅದನ್ನು ಬಸಿದು ಇನ್ನೊಮ್ಮೆ ತೊಳೆದೆ.

ಪಾತ್ರೆ ಸ್ಟೀಲಿನದು ಇಲ್ಲವೇ ಅಲ್ಯೂಮಿನಿಯಂದು ಇರಬೇಕು. ಕಬ್ಬಿಣದ ಬಾಣಲೆ, ತಾಮ್ರದ ಹಂಡೆ, ಸತುವಿನ ಲೇಪದ ಬಕೆಟ್ ಬೇಡವೇ ಬೇಡ. ಮೇಣದಲ್ಲಿರುವ ಆಮ್ಲಗಳು ಈ ಲೋಹಗಳ ಜೊತೆ ಕೂಡಿ ಮೇಣದ ಬಣ್ಣ ಕೆಡಿಸುತ್ತವೆ. ತಾಮ್ರದಲ್ಲಿ ಹಸಿರು ಛಾಯೆ, ಕಬ್ಬಿಣದಲ್ಲಿ ಕಂದು. ನಾನು ಬಳಸಿದ್ದು ಅಡುಗೆಮನೆಯಿಂದ ನಿವೃತ್ತಿಯಾದ ಒಂದು ಸ್ಟೀಲಿನ ತಪ್ಪಲೆ. ಒಮ್ಮೆ ಮೇಣಕ್ಕೆ ಬಳಸಿದ ಪಾತ್ರೆಯನ್ನು ಪುನಃ ಅಡುಗೆಗೆ ತರಲು ಸಾಧ್ಯವಿಲ್ಲ ಎಂದುಕೊಂಡೇ ಆರಿಸಿ.

ನೀರಿನ ವಿಷಯದಲ್ಲಿ ಮಲೆನಾಡಿನವರು ಅದೃಷ್ಟವಂತರು. ಗಡಸು ನೀರಿನಲ್ಲಿ ಕರಗಿಸಿದರೆ ನೀರಿನ ಸುಣ್ಣದ ಅಂಶ ಮೇಣದ ಆಮ್ಲದ ಜೊತೆ ಸೇರಿ ಸಾಬೂನಿನಂಥ ಬೂದು ಪದರ ಕಟ್ಟುತ್ತದೆ. ಮೇಣದ ಒಂದು ಭಾಗ ಅದರಲ್ಲೇ ಹೋಗುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರಿರುವವರು ಮಳೆ ನೀರು ಹಿಡಿದಿಟ್ಟುಕೊಳ್ಳಲಿ. ಅದೂ ಇಲ್ಲದಿದ್ದರೆ ತಪ್ಪಲೆ ನೀರಿಗೆ ಒಂದೆರಡು ಚಮಚ ವಿನೆಗರ್ ಹಾಕಲಿ.

ಹಳೆ ಪಂಚೆಯನ್ನು ಎರಡು ಮಡಿಕೆ ಮಾಡಿ ಹೊಲಿದ ಚೀಲಕ್ಕೆ ನೆನೆದ ಎರಿ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ತಪ್ಪಲೆಯ ತಳಕ್ಕೆ ಎರಡು ಬಿದಿರು ಕಡ್ಡಿ ಅಡ್ಡ ಇಟ್ಟು ಅದರ ಮೇಲೆ ಚೀಲ ಇಟ್ಟೆ. ತಳಕ್ಕೆ ನೇರ ತಾಗಿದರೆ ಬಟ್ಟೆ ಸೀಯುತ್ತದೆ. ಚೀಲ ತೇಲದಂತೆ ಮೇಲೊಂದು ತೊಳೆದ ಹೊಳೆಗಲ್ಲು. ಚೀಲ ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು.

ಉರಿ ಸಣ್ಣದಿರಬೇಕು. ನೀರು ತಳದಿಂದ ಸಣ್ಣ ಗುಳ್ಳೆ ಬಿಡುವ ಹಂತ ಸಾಕು, ಕೊತಕೊತ ಕುದಿಸಬಾರದು. ಕುದಿತಕ್ಕೆ ಮೇಣವೂ ನೀರೂ ಬೆರೆತು ತಣಿದ ಮೇಲೆ ಮೇಣ ಗಟ್ಟಿಯಾಗಿ ನಿಲ್ಲದೆ ಪುಡಿಪುಡಿಯಾಗುತ್ತದೆ. 85 ಡಿಗ್ರಿ ದಾಟಿದರೆ ಬಣ್ಣವೂ ಕಪ್ಪಾಗುತ್ತ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಹಳದಿ ಎಣ್ಣೆಯ ಕಣ್ಣುಗಳು ಕಾಣಿಸಿಕೊಂಡವು. ಅವು ಒಂದಕ್ಕೊಂದು ಕೂಡಿ ಪೂರ್ತಿ ಹೊದಿಕೆಯಾದ ಮೇಲೆ ಮರದ ಸೌಟಿನ ಹಿಂಭಾಗದಿಂದ ಚೀಲವನ್ನು ಅಮುಕಿದೆ. ಅಮುಕಿದಾಗಲೆಲ್ಲ ಬಟ್ಟೆಯ ಹೊಲಿಗೆಯ ಸಂದಿನಿಂದ ಮೇಣ ಮೇಲೇರಿ ಬಂದು ಹರಡುವುದು ಕಣ್ಣಿಗೆ ಕಾಣುತ್ತದೆ. ಚೀಲ ಹೊರಳಿಸಿ ಮತ್ತೆ ಅಮುಕಬೇಕು. ಈ ಒಂದು ಕೆಲಸದಲ್ಲಿ ತಾಳ್ಮೆ ಇಟ್ಟಷ್ಟೂ ಮೇಣ ಹೆಚ್ಚು.

ಇದನ್ನೆಲ್ಲ ಕತ್ತಲಾದ ಮೇಲೆ ಮಾಡುವುದು ಒಳ್ಳೆಯದು. ಹಗಲಲ್ಲಿ ಮೇಣದ ಪರಿಮಳಕ್ಕೆ ಸುತ್ತಲಿನ ಜೇನೆಲ್ಲ ಒಲೆಗೆ ಬಂದು ಮುತ್ತಿ ಬಿಸಿನೀರಲ್ಲಿ ಬಿದ್ದು ಸಾಯುತ್ತದೆ. ಪಕ್ಕದ ಪೆಟ್ಟಿಗೆಗಳಲ್ಲೂ ಒಂದು ಕುಟುಂಬದ ತುಪ್ಪವನ್ನು ಇನ್ನೊಂದು ಕದಿಯುವ ಗಲಾಟೆ ಶುರುವಾಗುತ್ತದೆ.

ಉರಿ ಆರಿಸಿ, ಕಲ್ಲು ಹಾಗೇ ಇರಲು ಬಿಟ್ಟು, ತಪ್ಪಲೆಗೆ ಮುಚ್ಚಳ ಹಾಕಿ ಗೋಣಿಚೀಲ ಸುತ್ತಿ ಇಟ್ಟೆ. ತಣಿಯುವುದು ನಿಧಾನವಾದಷ್ಟೂ ಕಸ ಇಳಿಯಲು ಸಮಯ ಸಿಗುತ್ತದೆ, ಮೇಣವೂ ಬಿರುಕು ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ಗೋಣಿ ಬಿಚ್ಚಿದರೆ ಮೇಣದ ಬಿಲ್ಲೆ ಪಾತ್ರೆಯ ಅಂಚಿನಿಂದ ತಾನೇ ಬಿಟ್ಟುಕೊಂಡಿತ್ತು. ಮೇಣ ಗಟ್ಟಿಯಾಗುವಾಗ ಕುಗ್ಗುತ್ತದೆ, ಅದಕ್ಕೆ. ಒಂದು ಅಂಚನ್ನು ಬೆರಳಿನಿಂದ ಒತ್ತಿದರೆ ಇನ್ನೊಂದು ಅಂಚು ಮೇಲೆದ್ದು ಕೆಳಗಿನ ಕಪ್ಪು ನೀರು ಕಾಣಿಸಿತು. ಎತ್ತಿ ಮಗುಚಿ ನೋಡಿದಾಗ ಮೇಲೆಲ್ಲ ಜೇನಿನ ಬಣ್ಣ. ಅಡಿಯಲ್ಲಿ ಮಾತ್ರ ಬೆರಳ ದಪ್ಪಕ್ಕೂ ಕಡಿಮೆಯ ಒಂದು ಬೂದು ಪದರ, ಮುಟ್ಟಿದರೆ ಉದುರುವಂಥದ್ದು. ನೊಣದ ರೆಕ್ಕೆ, ಕಾಲು, ಪರಾಗದ ಹುಡಿ ಎಲ್ಲ ಆ ಪದರದಲ್ಲಿ ಸಿಕ್ಕಿಕೊಂಡಿರುತ್ತವೆ. ಚಾಕುವಿನ ಬೆನ್ನಿನಿಂದ ಅದನ್ನು ಕೆರೆದು ತೆಗೆದು, ಬಿಲ್ಲೆಯನ್ನು ಹೊಸ ನೀರಿನಲ್ಲಿ ಮತ್ತೊಮ್ಮೆ ಕರಗಿಸಿ, ಈ ಸಲ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ ತಣಿಸಿದೆ. ಒಣಗಿಸಿ ತೂಗಿದಾಗ ಸುಮಾರು ಒಂದೂವರೆ ಕೆಜಿ ಒಣ ಎರಿಗೆ ಅರ್ಧ ಕೆಜಿಯಷ್ಟು ಮೇಣ ಸಿಕ್ಕಿತ್ತು.

ಉಳಿದ ನೀರನ್ನು ಬಚ್ಚಲು ಪೈಪಿಗೆ ಹೊಯ್ಯಬೇಡಿ. ಕಣ್ಣಿಗೆ ಕಾಣದಷ್ಟು ಮೇಣವೂ ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅದು ತೋಟಕ್ಕೆ. ಚೀಲದೊಳಗೆ ಉಳಿದ ಕಪ್ಪು ಚರಟವನ್ನು ಉಂಡೆ ಮಾಡಿ ಒಣಗಿಸಿಟ್ಟಿದ್ದೇನೆ, ಮಳೆಗಾಲದಲ್ಲಿ ಒದ್ದೆ ಕಟ್ಟಿಗೆಗೆ ಬೆಂಕಿ ಹಿಡಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಮೇಣವನ್ನು ಯಾವತ್ತೂ ಒಲೆಯ ಮೇಲೆ ನೇರವಾಗಿ ಕರಗಿಸಬೇಡಿ. ನೀರಿನ ಜೊತೆ ಕರಗಿಸಿ, ಇಲ್ಲವೇ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಬರೀ ಮೇಣ ಕಾಯುತ್ತಾ ಹೋದರೆ ಕುದಿದು ಎಚ್ಚರಿಸುವುದಿಲ್ಲ. ಮೊದಲು ಹೊಗೆ, ಆಮೇಲೆ ನೇರ ಬೆಂಕಿ. ಹೊತ್ತಿಕೊಂಡ ಮೇಣಕ್ಕೆ ನೀರು ಹಾಕಿದರೆ ನೀರು ಒಮ್ಮೆಲೇ ಆವಿಯಾಗಿ ಉರಿಯುವ ಮೇಣವನ್ನು ಮುಖಕ್ಕೆ ಎರಚುತ್ತದೆ. ಮುಚ್ಚಳ ಕೈಗೆಟುಕುವಲ್ಲಿ ಇರಲಿ. ಮುಚ್ಚಿ ಉರಿ ಆರಿಸುವುದೊಂದೇ ದಾರಿ.

ಕೊಂಡು ತರುವವರಿಗೆ

ಎಲ್ಲರ ಮನೆಯಲ್ಲೂ ಜೇನು ಪೆಟ್ಟಿಗೆ ಇರುವುದಿಲ್ಲ. ಅಂಗಡಿಯಿಂದ ಮೇಣ ತರುವವರು ಪ್ಯಾರಾಫಿನ್ ಬೆರೆತಿದೆಯೋ ಎಂದು ನೋಡಿಕೊಳ್ಳಬೇಕು. ಪ್ಯಾರಾಫಿನ್ ಮಣ್ಣೆಣ್ಣೆಯ ಬಳಗದ್ದು, 1830ರಲ್ಲಿ ಜರ್ಮನಿಯ ಕಾರ್ಲ್ ಫಾನ್ ರೈಕೆನ್‌ಬಾಖ್ ಮೊದಲು ಬೇರ್ಪಡಿಸಿದ ವಸ್ತು. ಇವತ್ತು ಅಂಗಡಿಯ ಮೇಣದ ಬತ್ತಿಯೆಲ್ಲ ಹೆಚ್ಚುಕಡಿಮೆ ಅದೇ. ಅದರಲ್ಲಿ ಕೆಟ್ಟದ್ದೇನಿಲ್ಲ, ಮರಕ್ಕೆ ಹಚ್ಚಿದರೆ ಜೇನುಮೇಣದ ಹಿಡಿತ ಬರುವುದಿಲ್ಲ ಅಷ್ಟೆ. ಉಗುರಿನಿಂದ ಗೀರಿದರೆ ಜೇನುಮೇಣ ಉಗುರಿಗೆ ಅಂಟಿಕೊಂಡು ಸುರುಳಿಯಾಗಿ ಬರುತ್ತದೆ, ಪ್ಯಾರಾಫಿನ್ ಹೆಚ್ಚಿದ್ದರೆ ಬಿಳಿ ಪುಡಿಯಾಗಿ ಉದುರುತ್ತದೆ. ಜೇನುಮೇಣದ ತುಂಡನ್ನು ಮುರಿದರೆ ಮುರಿದ ಮೈ ಮಂಕಾಗಿ, ನುಣ್ಣನೆಯ ರವೆ ರವೆಯಾಗಿ ಕಾಣುತ್ತದೆ.

ಇನ್ನೂ ನಂಬುವಂಥ ಪರೀಕ್ಷೆಗೆ ಬಡಗಿಗಳು ಪಾಲಿಶ್‌ಗೆ ಬಳಸುವ ಸ್ಪಿರಿಟ್ ಸಾಕು. ಖಾತ್ರಿಯಾಗಿ ಶುದ್ಧವೆಂದು ಗೊತ್ತಿರುವ ಮೇಣದ ಒಂದು ಚೂರನ್ನು ಸ್ಪಿರಿಟ್‌ಗೆ ಹಾಕಿದರೆ ಮುಳುಗುತ್ತದೆ. ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಿ. ಒಂದು ಹಂತದಲ್ಲಿ ಆ ಚೂರು ತಳವೂ ಬಿಟ್ಟು, ಮೇಲೂ ಬಾರದೆ ನಡುವೆ ನಿಲ್ಲುತ್ತದೆ. ಈಗ ಅನುಮಾನದ ಚೂರು ಹಾಕಿ. ಪ್ಯಾರಾಫಿನ್ ಬೆರೆತಿದ್ದರೆ ಅದು ಮೇಲೆ ತೇಲುತ್ತದೆ, ಏಕೆಂದರೆ ಪ್ಯಾರಾಫಿನ್ ಜೇನುಮೇಣಕ್ಕಿಂತ ಹಗುರ. ಚೂರಿನೊಳಗೆ ಗಾಳಿ ಗುಳ್ಳೆ ಇರಬಾರದು. ಈ ಸ್ಪಿರಿಟ್ ವಿಷ, ಉರಿ ತಾಗಿದರೆ ಹೊತ್ತುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರಯೋಗಾಲಯಕ್ಕೆ ಕಳಿಸುವವರಿಗೂ ಒಂದು ಮಾತು. ಜೇನುಮೇಣದ ಆಮ್ಲಸಂಖ್ಯೆ (ಮೇಣದಲ್ಲಿ ಬಿಡಿ ಆಮ್ಲ ಎಷ್ಟಿದೆ ಎಂಬ ಲೆಕ್ಕ) 17ರಿಂದ 24ರ ನಡುವೆ ಇರಬೇಕೆಂಬ ಅಳತೆ ಯುರೋಪಿನ ಜೇನಿನ ಮೇಣವನ್ನು ನೋಡಿ ಮಾಡಿದ್ದು. ನಮ್ಮ ತುಡುವೆ, ಹೆಜ್ಜೇನಿನ ಮೇಣದಲ್ಲಿ ಅದು ಸಹಜವಾಗಿಯೇ ಬಹಳ ಕಡಿಮೆ. ಆ ಅಳತೆ ಹಿಡಿದು ನಮ್ಮ ಶುದ್ಧ ಮೇಣವನ್ನೇ ಕಲಬೆರಕೆ ಅನ್ನುವುದು ಅನ್ಯಾಯ.

ಬೀರುವಿನ ಕೆಲಸ

ಬೀರು ಅಜ್ಜನ ಕಾಲದ್ದು. ಚೌಕಟ್ಟು, ಬಾಗಿಲು, ಕೆಳಗಿನ ಎರಡು ಡ್ರಾಯರ್ ಎಲ್ಲ ಹಲಸು. ಹೊಸದಾಗಿ ಕೊಯ್ದಾಗ ಹಲಸು ಅರಿಶಿನದ ಬಣ್ಣ, ವರ್ಷ ಕಳೆದಂತೆ ಬೆಳಕಿಗೆ ಕೆಂಪು-ಕಂದಿಗೆ ತಿರುಗುತ್ತದೆ. ಆ ಬಣ್ಣ ಕಾಣದಂತೆ ಹಳೆ ಪಾಲಿಶ್ ಕಪ್ಪುಗಟ್ಟಿತ್ತು. ಮೇಲ್ಭಾಗದಲ್ಲಿ ಲೋಟದ ಬಿಳಿ ಉಂಗುರಗಳು, ಬಾಗಿಲಿನ ಕೆಳಗೆ ಕುಟ್ಟೆ ಹುಳ ಕೊರೆದ ಹಳೆ ತೂತುಗಳು. ಎರಡು ಡ್ರಾಯರ್‌ಗಳಲ್ಲಿ ಒಂದು ಮಳೆಗಾಲದಲ್ಲಿ ತೆಗೆಯಲೇ ಬರುತ್ತಿರಲಿಲ್ಲ.

ಕೆಲಸದ ಅನುಕ್ರಮದ ಬಗ್ಗೆ ನಮ್ಮೂರಿನ ಆಚಾರ್ರು ಹೇಳಿದ ಮಾತು ಎಲ್ಲಕ್ಕಿಂತ ಮುಖ್ಯ. "ಭಟ್ರೇ, ಮೇಣ ಹಚ್ಚೂದು ಕಡೇ ಕೆಲ್ಸ. ಒಂದ್ಸಲ ಮೇಣ ಕುಡದ ಮರಕ್ಕೆ ಅಂಟೂ ಹಿಡಿಯೂದಿಲ್ಲ, ಅರಗೂ ಹಿಡಿಯೂದಿಲ್ಲ." ಹಾಗಾಗಿ ಮೊದಲು ಬಡಗಿ ಕೆಲಸ, ಆಮೇಲೆ ಅರಗು, ಆಮೇಲೆ ತೂತು ಮುಚ್ಚುವುದು, ಕೊನೆಗೆ ಮೇಣ.

ಡ್ರಾಯರ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಮರವೇ ತೋರಿಸಿತು. ಪೂರ್ತಿ ಹೊರಗೆಳೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಬಲಬದಿಯ ಹಲಗೆಯ ಮೇಲಂಚಿನಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಮಾತ್ರ ಹೊಳೆಯುವ ಪಟ್ಟಿ. ಉಜ್ಜಿ ಉಜ್ಜಿ ನುಣುಪಾದ ಜಾಗ ಅದು. ಉಳಿದ ಕಡೆ ಹಲಗೆ ಮಂಕಾಗಿಯೇ ಇತ್ತು. ಕೀಸುಳಿ ಆಡಿಸಿದ್ದು ಆ ಪಟ್ಟಿಯ ಮೇಲೆ ಮಾತ್ರ, ಅದೂ ತೆಳು ಹೊಟ್ಟು ಬರುವಷ್ಟು. ಮಳೆಗಾಲದಲ್ಲಿ ಮರ ಉಬ್ಬಿದಾಗ ಸಿಟ್ಟಿನಿಂದ ಕೀಸಿದ ಡ್ರಾಯರ್ ಬೇಸಿಗೆಯಲ್ಲಿ ಗಡಗಡ ಅಲುಗಾಡುತ್ತದೆ. ಅಡಿಪಟ್ಟಿ ಒಂದು ಕಡೆ ಸವೆದು ತಗ್ಗಾಗಿತ್ತು, ಡ್ರಾಯರ್ ಓರೆಯಾಗುವುದಕ್ಕೆ ನಿಜವಾದ ಕಾರಣ ಅದೇ. ಸವೆದ ಭಾಗ ಸಮ ಮಾಡಿ ತೆಳು ಹಲಸಿನ ಪಟ್ಟಿ ಅಂಟಿಸಿ, ಅಂಟು ಆರುವವರೆಗೆ ಹಗ್ಗ ಸುತ್ತಿ ಬಿಗಿದಿಟ್ಟೆ. ಹೊಸ ಪಟ್ಟಿ ಹಳದಿಯಾಗಿ ಎದ್ದು ಕಾಣುತ್ತದೆ. ಬಣ್ಣ ಹಾಕಿಲ್ಲ, ಕಾಲ ಕಳೆದಂತೆ ಅದೂ ಹಳೆಯದರ ಜೊತೆ ಸೇರುತ್ತದೆ.

ಹಳೆ ಪಾಲಿಶ್ ಯಾವುದೆಂದು ತಿಳಿಯಲು ಹಿಂಭಾಗದಲ್ಲಿ ಸ್ಪಿರಿಟ್ ಅದ್ದಿದ ಬಟ್ಟೆ ಒತ್ತಿ ಹಿಡಿದೆ. ಅಂಟಂಟಾಗಿ ಕರಗಿ ಬಂತು, ಅಂದರೆ ಅರಗಿನ ಪಾಲಿಶ್. ಇದು ಒಳ್ಳೆಯ ಸುದ್ದಿ. ಉಳಿಯಿಂದ ಕೆರೆಯಬೇಕಿಲ್ಲ, ಸ್ಪಿರಿಟ್ ಬಟ್ಟೆಯಿಂದ ಒರೆಸುತ್ತಾ ಹೋದರೆ ಕಪ್ಪು ಕೊಳೆಯೆಲ್ಲ ಅದರ ಜೊತೆಗೇ ಬರುತ್ತದೆ. ಸೋಡಾ ನೀರು ಹಾಕಿ ತಿಕ್ಕುವ ಪದ್ಧತಿ ಕೆಲವು ಕಡೆ ಇದೆ. ಹಲಸಿಗೆ ಅದು ಬೇಡ, ಮರದ ಬಣ್ಣವೇ ಬದಲಾಗುತ್ತದೆ. ಒರೆಸಿ ಒಣಗಿದ ಮೇಲೆ 180ರ ಸ್ಯಾಂಡ್ ಪೇಪರ್, ಆಮೇಲೆ 240ರದ್ದು, ಎರಡೂ ಮರದ ಎಳೆಯ ದಿಕ್ಕಿನಲ್ಲೇ. ಎಳೆಗೆ ಅಡ್ಡ ಬಿದ್ದ ಗೀರು ಮೇಣ ಹಚ್ಚಿದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ನೇರ ಮರಕ್ಕೇ ಮೇಣ ಹಚ್ಚಬಹುದು. ಆದರೆ ಕೈ ತಾಗುವ ಸಾಮಾನಿನಲ್ಲಿ ಕೊಳೆ ಮರದ ರಂಧ್ರಕ್ಕೆ ಇಳಿದು ಕೆಲವೇ ವರ್ಷದಲ್ಲಿ ಕಪ್ಪಾಗುತ್ತದೆ. ಅದಕ್ಕೆ ಮೊದಲು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ತೆಳುವಾಗಿ ಎರಡು ಕೈ ಎಳೆದೆ. ಇದನ್ನು ಒಣಹವೆಯಲ್ಲೇ ಮಾಡಬೇಕು. ಮಳೆಯ ದಿನ ಹಚ್ಚಿದ ಅರಗು ಗಾಳಿಯ ತೇವ ಹಿಡಿದು ಬಿಳಿಚಿಕೊಳ್ಳುತ್ತದೆ.

ಕುಟ್ಟೆ ತೂತುಗಳನ್ನು ತುಂಬುವ ಮುಂಚೆ ಹುಳ ಇನ್ನೂ ಇದೆಯೇ ಎಂದು ನೋಡಬೇಕು. ಬೀರುವಿನ ಕೆಳಗೆ ಕಪ್ಪು ಬಟ್ಟೆ ಹಾಸಿ ಕೆಲವು ದಿನ ಬಿಟ್ಟರೆ, ಹುಳ ಇದ್ದಲ್ಲಿ ಹೊಸ ಪುಡಿ ಬಿದ್ದಿರುತ್ತದೆ. ನನ್ನ ಬಟ್ಟೆ ಸ್ವಚ್ಛವಾಗಿತ್ತು. ತೂತು ಮುಚ್ಚಲು ನಾಲ್ಕು ಪಾಲು ಮೇಣಕ್ಕೆ ಒಂದು ಪಾಲು ರಾಳ ಕೂಡಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ನಿಧಾನಕ್ಕೆ ಕರಗಿಸಿ, ಬಣ್ಣಕ್ಕೆ ಚಿಟಿಕೆ ಕೆಮ್ಮಣ್ಣಿನ ಪುಡಿ ಹಾಕಿದೆ. ರಾಳ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ, ಕುಟ್ಟಿ ಹುಡಿ ಮಾಡಿಯೇ ಹಾಕಿ. ಬರೀ ಮೇಣ ಬೇಸಿಗೆಯ ಸೆಕೆಗೆ ಮೆದುವಾಗಿ ಕೈಗೆ ಅಂಟುತ್ತದೆ. ರಾಳ ಅದಕ್ಕೆ ಬಿಗಿ ಕೊಡುತ್ತದೆ. ತಮಿಳುನಾಡಿನ ಸ್ವಾಮಿಮಲೆಯ ಸ್ಥಪತಿಗಳು ಪಂಚಲೋಹದ ಮೂರ್ತಿಗೆ ಮೊದಲು ಮೇಣದ ಮೂರ್ತಿ ಮಾಡುವಾಗಲೂ ಜೇನುಮೇಣಕ್ಕೆ ರಾಳ ಬೆರೆಸುತ್ತಾರೆ. ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ ತೆಗೆದು, ಆ ಟೊಳ್ಳಿಗೆ ಲೋಹ ಎರೆಯುವ ಈ ವಿಧಾನವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ಮಾನಸೋಲ್ಲಾಸದಲ್ಲಿ ವಿವರಿಸಿದ್ದಾನೆ. ನಮ್ಮ ನೆಲದ ದೊರೆಯೊಬ್ಬ ಕುಳಿತು ಮೇಣದ ಕೆಲಸವನ್ನು ಬರೆದಿಟ್ಟ ಎಂಬುದು ನನಗೆ ಯಾವಾಗಲೂ ಹೆಮ್ಮೆಯ ವಿಷಯ.

ಬಿಸಿ ಮಿಶ್ರಣವನ್ನು ಕಡ್ಡಿಯ ತುದಿಯಿಂದ ತೂತಿಗೆ ಬಿಟ್ಟು, ತಣಿದ ಮೇಲೆ ಉಬ್ಬಿದ್ದನ್ನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಸವರಿ ತೆಗೆದೆ. ಉಳಿ ಬಳಸಿದರೆ ಸುತ್ತಲಿನ ಅರಗು ಗೀರುತ್ತದೆ.

ಪಾಲಿಶ್

ಅಳತೆ ಸರಳ. ತೂಕದಲ್ಲಿ 100 ಗ್ರಾಂ ಮೇಣಕ್ಕೆ 300 ಗ್ರಾಂ ಟರ್ಪೆಂಟೈನ್. ಮೇಣ ಕರಗಿಸಿ ಟರ್ಪೆಂಟೈನ್ ಬೆರೆಸುವುದು ಎಲ್ಲರೂ ಮಾಡುವ ಕ್ರಮ. ನಾನು ಬೆಂಕಿಯನ್ನೇ ಬಿಟ್ಟುಬಿಟ್ಟೆ. ಮೇಣವನ್ನು ಹಳೆ ತುರಿಮಣೆಯಲ್ಲಿ ತುರಿದು, ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ, ಟರ್ಪೆಂಟೈನ್ ಹೊಯ್ದು, ಮುಚ್ಚಳ ಬಿಗಿದು ಬಿಸಿಲು ಬೀಳದ, ಬೆಚ್ಚಗಿನ ಜಾಗದಲ್ಲಿ ಇಟ್ಟೆ. ಆಗಾಗ ಕದಡುತ್ತಿದ್ದರೆ ಕೆಲವೇ ದಿನದಲ್ಲಿ ತುರಿಯೆಲ್ಲ ಕರಗಿ ಬೆಣ್ಣೆಯ ಹದಕ್ಕೆ ಬರುತ್ತದೆ. ಟರ್ಪೆಂಟೈನ್ ಆವಿಗೆ ಬೆಂಕಿ ತಾಗುವ ಭಯವೇ ಇಲ್ಲ. ಅವಸರವಿದ್ದವರು ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಕರಗಿಸಿ, ಒಲೆ ಪೂರ್ತಿ ಆರಿಸಿ, ಪಾತ್ರೆಯನ್ನು ಅಂಗಳಕ್ಕೆ ತಂದ ಮೇಲೆ ಟರ್ಪೆಂಟೈನ್ ಹಾಕಲಿ.

ಟೇಬಲ್ ಮೇಲ್ಭಾಗದಂಥ, ಬಿಸಿ ಲೋಟ ಇಡುವ ಜಾಗಕ್ಕೆ ಬರೀ ಜೇನುಮೇಣ ಸಾಲದು. ಅಂಥವರು ಸ್ವಲ್ಪ ಕಾರ್ನಾಬಾ ಮೇಣ ಸೇರಿಸುತ್ತಾರೆ. ಅದು ಬ್ರೆಜಿಲ್‌ನ ಒಂದು ತಾಳೆಯ ಎಲೆಯ ಮೇಲಿನ ಮೇಣ, ಕರಗಲು 82ರಿಂದ 86 ಡಿಗ್ರಿ ಬೇಕು. ಬೀರುವಿಗೆ ಅದರ ಅಗತ್ಯ ಬೀಳಲಿಲ್ಲ.

ಹಚ್ಚುವಾಗ ಕಡಿಮೆಯೇ ಹೆಚ್ಚು ಒಳ್ಳೆಯದು. ಹತ್ತಿ ಬಟ್ಟೆಯ ತುದಿಗೆ ಅಡಿಕೆ ಗಾತ್ರದಷ್ಟು ತೆಗೆದುಕೊಂಡು ಒಂದು ಬಾಗಿಲಿಗೆ ಪೂರ್ತಿ ಉಜ್ಜಬೇಕು. ಟರ್ಪೆಂಟೈನ್ ವಾಸನೆ ಹೋಗಿ ಮೈ ಮಂಕಾಗುವವರೆಗೆ ಕಾದು, ಆಮೇಲೆ ಮೊದಲು ಬ್ರಷ್, ನಂತರ ಒಣ ಹತ್ತಿ ಬಟ್ಟೆ. ಬ್ರಷ್ ಇಲ್ಲದೆ ಮೂಲೆ, ಕೆತ್ತನೆಯ ಸಂದುಗಳಲ್ಲಿ ಮೇಣ ಬಿಳಿಯಾಗಿ ಉಳಿಯುತ್ತದೆ. ಮೊದಲ ಕೈಯಲ್ಲೇ ಹೊಳಪು ಬರಲಿ ಎಂದು ದಪ್ಪ ಹಚ್ಚಿದರೆ ಅಂಟಂಟಾಗಿ, ಬಂದ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಒಂದು ದಿನ ಬಿಟ್ಟು ಎರಡನೇ ಕೈ ಹಚ್ಚಿದೆ. ಆಗ ಹಲಸಿನ ಕೆಂಪು ಒಳಗಿನಿಂದ ಎದ್ದು ಬಂತು. ವಾರ್ನಿಶ್‌ನ ಗಾಜಿನ ಹೊಳಪು ಇದರಲ್ಲಿ ಬರುವುದಿಲ್ಲ, ಅದು ಬೇಕಾದವರಿಗೆ ಇದು ಹಿಡಿಸುವುದೂ ಇಲ್ಲ. ಬೆರಳಾಡಿಸಿದಾಗ ಮರದ ಎಳೆ ಕೈಗೆ ಸಿಗುವುದು ನನಗೆ ಇಷ್ಟ.

ಡ್ರಾಯರ್‌ನ ಹೊಳೆಯುವ ಪಟ್ಟಿ ಇದ್ದ ಜಾಗಕ್ಕೆ, ಅಡಿಪಟ್ಟಿಗೆ ಪಾಲಿಶ್ ಹಾಕಲಿಲ್ಲ. ಅಲ್ಲಿಗೆ ಗಟ್ಟಿ ಮೇಣದ ತುಂಡನ್ನೇ ಒತ್ತಿ ಉಜ್ಜಿದೆ. ಮೊದಲು ಎರಡು ಕೈ ಹಾಕಿ ಎಳೆಯುತ್ತಿದ್ದ ಡ್ರಾಯರ್ ಈಗ ಒಂದು ಬೆರಳಿಗೆ ಬರುತ್ತದೆ. ಗರಗಸದ ಮೈಗೆ, ಗಟ್ಟಿ ಮರಕ್ಕೆ ಹಾಕುವ ಸ್ಕ್ರೂ ಎಳೆಗೂ ಇದೇ ಉಪಾಯ.

ಈ ಮೇಣದ ಹೊದಿಕೆ ಮಳೆಗಾಲದ ತೇವವನ್ನು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರಿನ ಹನಿ ಬಿದ್ದರೆ ಜಾರುತ್ತದೆ, ಆದರೆ ಗಾಳಿಯ ತೇವ ಮರದೊಳಗೆ ಹೋಗಿಯೇ ಹೋಗುತ್ತದೆ, ಮರ ಉಬ್ಬಿಯೇ ಉಬ್ಬುತ್ತದೆ. ಅದಕ್ಕೆ ಬೇಕಾದ ಸಂದು ಬಡಗಿ ಕೆಲಸದಲ್ಲೇ ಬಿಟ್ಟಿರಬೇಕು. ಜುಲೈನಲ್ಲಿ ಬೀರುವಿನ ಮೇಲೆ ಬೂಸ್ಟು ಬಂದರೆ ಅದು ಮೇಲೆ ಕೂತ ಧೂಳಿನ ಮೇಲೆ ಬೆಳೆದದ್ದು, ಒಣ ಬಟ್ಟೆಗೆ ಹೋಗುತ್ತದೆ. ಮೇಣದ ದೊಡ್ಡ ಗುಣ ಬೇರೆಯೇ. ಗೀರು ಬಿದ್ದ ಕಡೆ ಅಷ್ಟಕ್ಕೇ ಮತ್ತೆ ಹಚ್ಚಬಹುದು, ಇಡೀ ಸಾಮಾನನ್ನು ಕೆರೆದು ಹೊಸದಾಗಿ ಮಾಡಬೇಕಿಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ತೆಳುವಾಗಿ ಒಂದು ಕೈ ಹಚ್ಚಿದರೆ ಆಯಿತು. ಮಳೆ ಶುರುವಾದ ಮೇಲೆ ಥಂಡಿಗೆ ಮೇಣ ಹರಡುವುದೂ ಇಲ್ಲ, ಟರ್ಪೆಂಟೈನ್ ಬೇಗ ಆರುವುದೂ ಇಲ್ಲ.

ಉಳಿದ ಮೇಣ

ಅಡುಗೆಮನೆಯ ಮಣೆ, ಲಟ್ಟಣಿಗೆ, ಕಡೆಗೋಲಿಗೆ ಟರ್ಪೆಂಟೈನ್ ಪಾಲಿಶ್ ಬಳಸಬಾರದು. ಅವಕ್ಕೆ ಒಂದು ಪಾಲು ಬಿಳಿ ಮೇಣಕ್ಕೆ ನಾಲ್ಕು ಪಾಲು ಕೊಬ್ಬರಿ ಎಣ್ಣೆ. ಎಳ್ಳೆಣ್ಣೆ, ಕಡಲೆಎಣ್ಣೆಗಿಂತ ಕೊಬ್ಬರಿ ಎಣ್ಣೆ ನಿಧಾನಕ್ಕೆ ಕಮಟುತ್ತದೆ. ಇದೇ ಮಿಶ್ರಣ ಅಮ್ಮನ ಹಿಮ್ಮಡಿಯ ಬಿರುಕಿಗೂ ಆಯಿತು. ಅಗಸೆ ಎಣ್ಣೆಯ ಜೊತೆ ಮೇಣ ಬೆರೆಸಿ ಮರಕ್ಕೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ. ಹಗ್ಗದ ಮೇಲೆ ಹರಡಿ ಒಣಗಿಸಿ ಆಮೇಲೆ ಎಸೆಯಿರಿ.

ಕತ್ತಿ, ಗುದ್ದಲಿ, ಉಳಿಗಳನ್ನು ಮಳೆಗಾಲಕ್ಕೆ ಎತ್ತಿಡುವ ಮುಂಚೆ ಸ್ವಲ್ಪ ಬೆಚ್ಚಗೆ ಮಾಡಿ ಮೇಣ ಸವರಿದರೆ ತುಕ್ಕು ಹಿಡಿಯುವುದಿಲ್ಲ. ಖಾಲಿ ಜೇನು ಪೆಟ್ಟಿಗೆಯ ಒಳಮೈಗೂ ಚೌಕಟ್ಟಿನ ಮೇಲ್ಪಟ್ಟಿಗೂ ಒಂದಿಷ್ಟು ಉಜ್ಜಿಟ್ಟಿದ್ದೇನೆ. ಕುಟುಂಬ ಒಡೆದು ಪಾಲಾಗಿ ಹೊರಟ ಜೇನು ಮನೆ ಹುಡುಕುವಾಗ ಮೇಣದ ವಾಸನೆಯಿರುವ ಪೊಟರೆಯನ್ನು ಬೇಗ ಒಪ್ಪುತ್ತದೆ.

ಮಿಕ್ಕ ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ಬೀರುವಿನ ಮೇಲಿನ ಖಾನೆಯಲ್ಲಿಟ್ಟಿದ್ದೇನೆ. ಚಳಿಗಾಲದಲ್ಲಿ ಅದರ ಮೇಲೆ ಬಿಳಿ ಹುಡಿ ಕಟ್ಟುತ್ತದೆ. ಬೂಸ್ಟು ಎಂದು ಹೆದರಿ ಎಸೆಯುವವರಿದ್ದಾರೆ. ಶುದ್ಧ ಜೇನುಮೇಣದ ಗುಣವೇ ಅದು, ಬಿಸಿ ಬಟ್ಟೆಯಿಂದ ಒರೆಸಿದರೆ ಹಳದಿ ಮತ್ತೆ ಬರುತ್ತದೆ. ಭರಣಿಯ ಪಾಲಿಶ್ ಗಟ್ಟಿಯಾದರೆ ಒಂದೆರಡು ಚಮಚ ಟರ್ಪೆಂಟೈನ್ ಹಾಕಿ ಮುಚ್ಚಿಟ್ಟರೆ ಮರುದಿನಕ್ಕೆ ಹದಕ್ಕೆ ಬಂದಿರುತ್ತದೆ. ಭರಣಿಯ ಮೇಲೆ ಒಳಗಿರುವುದೇನೆಂದು ದೊಡ್ಡದಾಗಿ ಬರೆದು ಅಂಟಿಸಿ, ನೋಡಲು ಅದು ತುಪ್ಪದ ಭರಣಿಯ ಹಾಗೇ ಇರುತ್ತದೆ.